ಯಾಕೋಬನ ಏಣಿ: ಏರುವ ದಾರಿ, ಇಳಿಯುವ ದಾರಿ

ಯಾಕೋಬನ ಏಣಿಯ ಕನಸು ಹೀಬ್ರೂ ಧರ್ಮಗ್ರಂಥದ ಮೊದಲ ಪುಸ್ತಕವಾದ ಆದಿಕಾಂಡದ 28ನೇ ಅಧ್ಯಾಯದಲ್ಲಿದೆ. 10ನೇ ವಚನದಿಂದ 22ನೇ ವಚನದವರೆಗೆ, ಹದಿಮೂರೇ ವಚನಗಳಲ್ಲಿ ಪ್ರಸಂಗ ಮುಗಿದುಹೋಗುತ್ತದೆ. ಬೇರ್ಷೆಬದಿಂದ ಹಾರಾನಿಗೆ ಹೊರಟ ಯಾಕೋಬನಿಗೆ ನಡುದಾರಿಯಲ್ಲಿ ಹೊತ್ತು ಮುಳುಗುತ್ತದೆ. ಅಲ್ಲೇ ಸಿಕ್ಕ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಕನಸಿನಲ್ಲಿ ಒಂದು ಏಣಿ ಕಾಣುತ್ತದೆ. ಅದರ ಬುಡ ನೆಲದ ಮೇಲೆ, ತುದಿ ಆಕಾಶದಲ್ಲಿ. ದೇವದೂತರು ಅದರ ಮೇಲೆ ಹತ್ತುತ್ತಾ ಇಳಿಯುತ್ತಾ ಇದ್ದಾರೆ. ಯೆಹೋವ ದೇವರು ಅವನೊಂದಿಗೆ ಮಾತಾಡುತ್ತಾನೆ: ಮಲಗಿರುವ ನೆಲ ಅವನ ಸಂತತಿಗೆ ಸೇರುತ್ತದೆ, ಆ ಸಂತತಿ ಭೂಮಿಯ ಧೂಳಿನಷ್ಟು ಹೆಚ್ಚಿ ನಾಲ್ಕು ದಿಕ್ಕಿಗೂ ಹರಡುತ್ತದೆ, ಅವನ ಮೂಲಕ ಲೋಕದ ಎಲ್ಲ ಕುಲಗಳಿಗೆ ಆಶೀರ್ವಾದವಾಗುತ್ತದೆ, ಹೋದಲ್ಲೆಲ್ಲ ದೇವರು ಜೊತೆಗಿದ್ದು ಅವನನ್ನು ತಿರುಗಿ ಕರೆತರುತ್ತಾನೆ. ಎಚ್ಚರವಾದ ಯಾಕೋಬ ಬೆದರುತ್ತಾನೆ. ಈ ಜಾಗದಲ್ಲಿ ದೇವರಿದ್ದದ್ದು ತನಗೆ ತಿಳಿಯಲಿಲ್ಲವಲ್ಲ ಎಂದುಕೊಳ್ಳುತ್ತಾನೆ. ಅದನ್ನು ದೇವರ ಮನೆ, ಸ್ವರ್ಗದ ಬಾಗಿಲು ಎಂದು ಕರೆಯುತ್ತಾನೆ. ಬೆಳಗ್ಗೆ ಎದ್ದು ತಲೆದಿಂಬಾಗಿದ್ದ ಕಲ್ಲನ್ನು ಕಂಬವಾಗಿ ನಿಲ್ಲಿಸಿ, ಎಣ್ಣೆ ಹೊಯ್ದು, ಅದುವರೆಗೆ ಲೂಜ್ ಎನಿಸಿಕೊಂಡಿದ್ದ ಊರಿಗೆ ಬೇತೇಲ್ ಎಂಬ ಹೆಸರಿಟ್ಟು, ಒಂದು ಹರಕೆ ಹೊತ್ತು ಮುಂದೆ ಸಾಗುತ್ತಾನೆ.

ಎರಡು ಸಾವಿರ ವರ್ಷಗಳಿಂದ ಯೆಹೂದ್ಯರೂ ಕ್ರೈಸ್ತರೂ ಈ ಏಣಿಯನ್ನು ಆತ್ಮದ ಏರುಗತಿಯ ಸಂಕೇತವಾಗಿ ಓದುತ್ತಾ ಬಂದಿದ್ದಾರೆ. ಆದರೆ ಪಾಠದ ಒಂದು ಸಂಗತಿ ಈ ಓದಿಗೆ ಸುಲಭವಾಗಿ ಒಗ್ಗುವುದಿಲ್ಲ. ಏಣಿಯನ್ನು ಯಾವ ಮನುಷ್ಯನೂ ಹತ್ತುವುದಿಲ್ಲ. ಯಾಕೋಬ ಬುಡದಲ್ಲಿ ನಿದ್ದೆ ಹೋಗಿದ್ದಾನೆ. ಹತ್ತುವವರು ದೂತರು; ಅವರೂ ಮೇಲೆ ಉಳಿಯದೆ ಕೆಳಗಿಳಿಯುತ್ತಾರೆ. ಈ ಪ್ರಸಂಗದ ವ್ಯಾಖ್ಯಾನಗಳ ಹಿರಿಮೆ, ಮಿತಿ ಎರಡನ್ನೂ ಅಳೆಯಬೇಕಾದದ್ದು ಅವು ಈ ಇಳಿತವನ್ನು ಹೇಗೆ ಕಂಡಿವೆ ಎಂಬುದರಿಂದ.

ಸಂದರ್ಭ

ಯಾಕೋಬ ಹೊರಟದ್ದು ತೀರ್ಥಯಾತ್ರೆಗಲ್ಲ. ಹಿಂದಿನ ಅಧ್ಯಾಯದಲ್ಲಿ ಅವನು ತಾಯಿ ರೆಬೆಕ್ಕಳ ಮಾತು ಕೇಳಿ, ಕೈ ಕೊರಳುಗಳಿಗೆ ಮೇಕೆಮರಿಯ ತೊಗಲು ಸುತ್ತಿಕೊಂಡು, ಕಣ್ಣು ಮಂಜಾಗಿದ್ದ ತಂದೆ ಇಸಾಕನನ್ನು ವಂಚಿಸಿ, ಅಣ್ಣ ಏಸಾವನಿಗೆ ಸಲ್ಲಬೇಕಿದ್ದ ಆಶೀರ್ವಾದ ಪಡೆದಿದ್ದಾನೆ. ಅಣ್ಣ ಕೊಲ್ಲುವ ಹಂಚಿಕೆಯಲ್ಲಿದ್ದಾನೆ. ಸೋದರಮಾವ ಲಾಬಾನನ ಮನೆಗೆ ಹೆಣ್ಣು ತರಲು ಹೋಗುವುದು ಮೇಲುನೋಟದ ಕಾರಣ. ಒಳಗಿನ ಕಾರಣ ಜೀವಭಯ. ಅವನು ದೇವರನ್ನು ಹುಡುಕಿಕೊಂಡು ಹೊರಟವನಲ್ಲ. ಕನಸಿಗೆ ಮುಂಚೆ ಪ್ರಾರ್ಥಿಸಿದನೆಂದಾಗಲಿ, ತಪ್ಪಿಗೆ ಮರುಗಿದನೆಂದಾಗಲಿ ಪಾಠ ಹೇಳುವುದಿಲ್ಲ. ಕನಸಿನಲ್ಲಿ ಬಂದ ದೇವರೂ ವಂಚನೆಯ ಮಾತೆತ್ತುವುದಿಲ್ಲ, ವಾಗ್ದಾನವನ್ನಷ್ಟೇ ಕೊಡುತ್ತಾನೆ.

ಇದರಿಂದ ಯಾಕೋಬನ ತಪ್ಪು ಮನ್ನಾ ಆಯಿತೆಂದು ಅರ್ಥವಲ್ಲ. ಮುಂದೆ ಲಾಬಾನನು ಕಿರಿಯ ಮಗಳು ರಾಹೇಲಳ ಬದಲು ಹಿರಿಯಳಾದ ಲೇಯಳನ್ನು ಕತ್ತಲಲ್ಲಿ ಮದುವೆಗೆ ಒಪ್ಪಿಸಿದಾಗ, ಕತ್ತಲುಗಣ್ಣಿನ ತಂದೆಯ ಮುಂದೆ ಒಬ್ಬನ ಬದಲು ಇನ್ನೊಬ್ಬನಾಗಿ ನಿಂತವನಿಗೆ ಅದೇ ಬಗೆಯ ಮೋಸ ತಿರುಗಿ ಬರುತ್ತದೆ. ಅವನು ಮಾವನ ಮನೆಯಲ್ಲಿ 20 ವರ್ಷ ದುಡಿಯುತ್ತಾನೆ. ಬೇತೇಲಿನಲ್ಲಿ ಮುಳುಗಿದ ಸೂರ್ಯ ಮತ್ತೆ ಹುಟ್ಟಿದ ಮಾತು ಕಥೆಯಲ್ಲಿ ಬರುವುದು 32ನೇ ಅಧ್ಯಾಯದಲ್ಲಿ. ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ಅಪರಿಚಿತನೊಬ್ಬನೊಡನೆ ಹೋರಾಡಿ, ತೊಡೆಯ ಕೀಲು ಉಳುಕಿ, ಇಸ್ರಾಯೇಲ್ ಎಂಬ ಹೊಸ ಹೆಸರು ಪಡೆದ ಮೇಲೆ ಯಾಕೋಬನ ಮೇಲೆ ಬಿಸಿಲು ಬೀಳುತ್ತದೆ. ಆದ್ದರಿಂದ ಏಣಿಯ ಕನಸು ಒಂದು ದೀರ್ಘ ರಾತ್ರಿಯ ಆರಂಭ. ಸಾಧನೆಯ ಕೊನೆಗೆ ಸಿಗಬೇಕಾದ ದರ್ಶನ ಇಲ್ಲಿ ಸಾಧನೆಗೆ ಮುಂಚೆಯೇ ಸಿಕ್ಕಿದೆ.

ಬೇತೇಲ್ ಕಲ್ಪನೆಯ ಊರಲ್ಲ. ರಾಮಲ್ಲಾ ಬಳಿಯ ಬೈತೀನ್ ಹಳ್ಳಿಯೇ ಅದೆಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಇಸ್ರಾಯೇಲ್ ರಾಜ್ಯ ಇಬ್ಭಾಗವಾದಾಗ ಉತ್ತರದ ಅರಸ ಯಾರೊಬ್ಬಾಮನು ಜನ ಯೆರೂಸಲೇಮಿಗೆ ಹೋಗದಿರಲೆಂದು ಇಲ್ಲಿ ಚಿನ್ನದ ಬಸವನನ್ನು ನಿಲ್ಲಿಸಿದ. ಅಲ್ಲಿಯ ಪೂಜೆಯನ್ನು ಖಂಡಿಸಿದ ಪ್ರವಾದಿ ಆಮೋಸನನ್ನು ಯಾಜಕ ಅಮಚ್ಯನು ಇದು ಅರಸನ ಗುಡಿಯೆಂದು ಹೇಳಿ ಹೊರಗಟ್ಟಿದ. ಕ್ರಿ.ಪೂ. 7ನೇ ಶತಮಾನದಲ್ಲಿ ಯೆಹೂದದ ಅರಸ ಯೋಷೀಯ ಆ ಪೂಜಾಸ್ಥಳವನ್ನು ಕೆಡವಿಸಿದ. ಸ್ವರ್ಗದ ಬಾಗಿಲೆನಿಸಿಕೊಂಡ ಜಾಗ ಅರಮನೆಯ ಆಸ್ತಿಯಾಗಿ, ಕೊನೆಗೆ ಹಾಳಾದದ್ದು ಸಂಕೇತದ ಓದಿಗೂ ಸಂಬಂಧಪಟ್ಟ ವಿಷಯ. ಸ್ಥಳ ಕೈಬಿಟ್ಟುಹೋದ ಮೇಲೂ ಕಥೆಗೆ ಅರ್ಥವಿರಬೇಕಾದರೆ ಅದು ಒಂದು ಊರಿಗೆ ಕಟ್ಟುಬಿದ್ದಿರಲಾರದು. ಬೇತೇಲ್ ಎಂಬ ಹೆಸರು ಇಂದು ಕರ್ನಾಟಕವೂ ಸೇರಿ ಲೋಕದ ಎಷ್ಟೋ ಕಡೆ ಕ್ರೈಸ್ತ ಪ್ರಾರ್ಥನಾಲಯಗಳ ಹೆಸರಾಗಿ ನಿಂತಿರುವುದು ಆ ಬಿಡುಗಡೆಯ ಫಲ.

ಓದಿನ ಪದರಗಳು

ಧರ್ಮಗ್ರಂಥಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ ಎಂಬುದು ಎರಡೂ ಪರಂಪರೆಗಳ ನಂಬಿಕೆ. ಯೆಹೂದ್ಯ ವ್ಯಾಖ್ಯಾನಕಾರರು ನಾಲ್ಕು ಪದರಗಳನ್ನು ಹೇಳುತ್ತಾರೆ: ನೇರ ಅರ್ಥ, ಸೂಚ್ಯ ಅರ್ಥ, ಹುಡುಕಿ ತೆಗೆದ ಉಪದೇಶ, ಗುಹ್ಯಾರ್ಥ. ಮಧ್ಯಯುಗದ ಕ್ರೈಸ್ತರಲ್ಲೂ ನಾಲ್ಕು ಅರ್ಥಗಳ ಲೆಕ್ಕವಿತ್ತು. 5ನೇ ಶತಮಾನದ ಸಂನ್ಯಾಸಿ ಜಾನ್ ಕ್ಯಾಸಿಯನ್ ಅದನ್ನು ಯೆರೂಸಲೇಮಿನ ಉದಾಹರಣೆಯಿಂದ ವಿವರಿಸಿದ್ದಾನೆ. ಚರಿತ್ರೆಯಲ್ಲಿ ಅದು ಯೆಹೂದ್ಯರ ನಗರ, ರೂಪಕವಾಗಿ ಕ್ರಿಸ್ತನ ಸಭೆ, ನೀತಿಯ ದೃಷ್ಟಿಯಲ್ಲಿ ಮನುಷ್ಯನ ಆತ್ಮ, ಅಂತಿಮ ನೋಟದಲ್ಲಿ ಸ್ವರ್ಗದ ಪಟ್ಟಣ. ಎರಡೂ ಕಡೆ ಒಂದು ಕಟ್ಟಳೆಯಿದೆ: ಮೇಲಿನ ಅರ್ಥ ನೇರ ಅರ್ಥದ ಮೇಲೆ ನಿಲ್ಲಬೇಕು, ಅದನ್ನು ಅಳಿಸಬಾರದು. ಈ ಕಟ್ಟಳೆಯನ್ನು ಎಲ್ಲರೂ ಪಾಲಿಸಿದರೆನ್ನಲಾಗದು.

ಹೊತ್ತು ಮುಳುಗಿದ್ದು, ಕಲ್ಲು ಒಂದಾದದ್ದು

ಸೂರ್ಯ ಮುಳುಗಿದ ಕಾರಣ ಯಾಕೋಬ ಅಲ್ಲಿ ತಂಗಿದ ಎಂಬುದು ಪಾಠದ ಸರಳ ಮಾತು. ಅವನು ಅಲ್ಲೇ ಉಳಿಯಲೆಂದು ಅಂದು ಸೂರ್ಯ ಹೊತ್ತಿಗೆ ಮುಂಚೆ ಮುಳುಗಿತೆಂದು ಯೆಹೂದ್ಯ ಋಷಿಗಳ ಉಪದೇಶಗಳ ಸಂಗ್ರಹವಾದ ತಾಲ್ಮೂದ್ ಕಥೆ ಕಟ್ಟುತ್ತದೆ. ಕತ್ತಲು ಇಲ್ಲಿ ದಾರಿಯ ಅಡ್ಡಿಯಲ್ಲ, ತಡೆದು ನಿಲ್ಲಿಸಿದ ಕೃಪೆ. ಮೂರು ಹೊತ್ತಿನ ಪ್ರಾರ್ಥನೆಗಳನ್ನು ಮೂವರು ಮೂಲಪುರುಷರಿಗೆ ಹಂಚುವಾಗ ತಾಲ್ಮೂದ್ ಬೆಳಗಿನದನ್ನು ಅಬ್ರಹಾಮನಿಗೂ ಇಳಿಹೊತ್ತಿನದನ್ನು ಇಸಾಕನಿಗೂ ರಾತ್ರಿಯದನ್ನು ಯಾಕೋಬನಿಗೂ ಕೊಡುತ್ತದೆ. ಬೆಳಕಿನಲ್ಲಿ ದೇವರ ನೆನಪು ಸುಲಭ. ಮನೆ ಬಿಟ್ಟು, ದಿಕ್ಕು ತಪ್ಪಿ, ಮುಂದೇನೆಂದು ಕಾಣದ ಹೊತ್ತಿನ ಪ್ರಾರ್ಥನೆ ಯಾಕೋಬನದು.

ಕಲ್ಲಿನ ವಿಷಯದಲ್ಲಿ ಒಂದು ಸಣ್ಣ ತೊಡಕಿದೆ. ಮಲಗುವಾಗ ಆ ಸ್ಥಳದ ಕಲ್ಲುಗಳಿಂದ ತೆಗೆದುಕೊಂಡ ಎಂದು ಹೇಳುವ ಪಾಠ, ಎದ್ದಾಗ ಒಂದೇ ಕಲ್ಲಿನ ಮಾತಾಡುತ್ತದೆ. ನೇರವಾಗಿ ಓದಿದರೆ ಹಲವು ಕಲ್ಲುಗಳಲ್ಲಿ ಒಂದನ್ನು ಆರಿಸಿದ ಎಂದಷ್ಟೇ ಅರ್ಥ. ತಾಲ್ಮೂದಿನ ಋಷಿಗಳು ಈ ಸಂದಿಯಲ್ಲಿ ಒಂದು ಜಗಳ ಕೇಳಿಸಿಕೊಂಡರು. ನೀತಿವಂತನ ತಲೆ ತನ್ನ ಮೇಲಿರಲಿ ಎಂದು ಕಲ್ಲುಕಲ್ಲುಗಳೇ ಕಾದಾಡಿದವು. ದೇವರು ಎಲ್ಲವನ್ನೂ ಬೆಸೆದು ಒಂದೇ ಕಲ್ಲು ಮಾಡಿದ. ಮುಂದೆ ಹನ್ನೆರಡು ಗಂಡುಮಕ್ಕಳ ತಂದೆಯಾಗಿ, ಅವರ ಮತ್ಸರದಿಂದ ಮಗ ಯೋಸೇಫನನ್ನು ಕಳೆದುಕೊಳ್ಳುವವನ ತಲೆಯಡಿಯಲ್ಲಿ ಕಲ್ಲುಗಳು ಜಗಳವಾಡಿ ಒಂದಾಗುವುದು ಹುಡುಗಾಟದ ಕಥೆಯಲ್ಲ. ಒಡೆದ ಮನೆ ಕೂಡುವ ಆಸೆ ಆ ಕಲ್ಲಿನಲ್ಲಿದೆ.

ಏಣಿ

ಆಕಾಶ ಮುಟ್ಟುವ ತುದಿಯ ಮಾತು ಆದಿಕಾಂಡದಲ್ಲಿ ಹಿಂದೊಮ್ಮೆ ಬಂದಿದೆ. 11ನೇ ಅಧ್ಯಾಯದಲ್ಲಿ ಶಿನಾರ್ ಬಯಲಿನ ಜನ ಹೆಸರು ಗಳಿಸಲು, ಚದುರಿಹೋಗದಿರಲು ಅಂಥದೊಂದು ಗೋಪುರ ಕಟ್ಟಲು ಹೊರಟರು, ಕೊನೆಗೆ ಚದುರಿಹೋದರು. ಈ ಗೋಪುರದ ಹಿಂದೆ ಮೆಸೊಪೊಟೇಮಿಯದ ಮೆಟ್ಟಿಲುಮೆಟ್ಟಿಲಾದ ಜಿಗ್ಗುರಾತ್ ಗುಡಿಗಳ ನೆನಪಿದೆ. ಯಾಕೋಬ ಕಂಡದ್ದು ಕೂಡ ಮರದ ಏಣಿಯಾಗಿರದೆ ಅಂಥ ಗುಡಿಯ ಮೆಟ್ಟಿಲಸಾಲು ಆಗಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬಾಬೆಲಿನಲ್ಲಿ ಇಟ್ಟಿಗೆ ಸುಟ್ಟು ಕಟ್ಟುವವರು ಮನುಷ್ಯರು. ಬೇತೇಲಿನ ಏಣಿಯನ್ನು ಯಾಕೋಬ ಕಟ್ಟಿಲ್ಲ, ನಿಲ್ಲಿಸಿಲ್ಲ; ಅದು ಆಗಲೇ ನಿಂತಿದೆ, ಅವನಿಗೆ ಕಾಣುತ್ತದೆ ಅಷ್ಟೆ. ಬಾಬೆಲಿನವರಿಗೆ ಭಯವಾಗಿದ್ದ ಚದುರುವಿಕೆ ಇಲ್ಲಿ ನಾಲ್ಕು ದಿಕ್ಕಿಗೆ ಹರಡುವ ವರವಾಗಿದೆ.

ಏಣಿ ಯಾವುದರ ಸಂಕೇತ ಎಂಬ ಪ್ರಶ್ನೆಗೆ ಬಂದ ಉತ್ತರಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯ ಬಗೆ ಏಣಿಯನ್ನು ಇಸ್ರಾಯೇಲಿನ ಚರಿತ್ರೆ, ಆರಾಧನೆಗಳೊಂದಿಗೆ ಜೋಡಿಸುತ್ತದೆ. ಆದಿಕಾಂಡದ ಮೇಲಿನ ಪ್ರಾಚೀನ ಮಿದ್ರಾಷ್‌ನಲ್ಲಿ, ಅಂದರೆ ಯೆಹೂದ್ಯ ಋಷಿಗಳ ವ್ಯಾಖ್ಯಾನ ಸಂಗ್ರಹದಲ್ಲಿ, ಬಾರ್ ಕಪ್ಪಾರನೆಂಬ ಋಷಿಯ ಪ್ರಕಾರ ಏಣಿ ಎಂದರೆ ದೇವಾಲಯದ ಬಲಿಪೀಠಕ್ಕೆ ಏರುವ ಇಳಿಜಾರು. ಆಕಾಶ ಮುಟ್ಟುವುದು ಹೋಮದ ಪರಿಮಳ. ಹತ್ತಿ ಇಳಿಯುವವರು ಮಹಾಯಾಜಕರು. ಅಲ್ಲಿಯೇ ಇತರ ಋಷಿಗಳ ಮತವೂ ಇದೆ: ಏಣಿ ಸೀನಾಯಿ ಬೆಟ್ಟ, ಆಕಾಶ ಮುಟ್ಟುವುದು ಬೆಟ್ಟದ ಮೇಲಿನ ಬೆಂಕಿ, ದೂತರೆಂದರೆ ಮೋಶೆ, ಆರೋನರು. ಹೀಗೆ ಓದಿದರೆ ಕನಸು ಒಬ್ಬ ಪರಾರಿಯ ಖಾಸಗಿ ಅನುಭವವಾಗಿ ಉಳಿಯುವುದಿಲ್ಲ. ಮುಂದೆ ಹುಟ್ಟುವ ಜನಾಂಗಕ್ಕೆ ಧರ್ಮಶಾಸ್ತ್ರವೂ ಆರಾಧನೆಯೂ ಬರುವ ದಾರಿ ಅಲ್ಲಿ ಕಾಣುತ್ತದೆ.

ಎರಡನೆಯ ಬಗೆ ಏಣಿಯನ್ನು ಮನುಷ್ಯನ ಒಳಗೆ ಕಾಣುತ್ತದೆ. ಯೇಸುವಿನ ಕಾಲದವನೇ ಆದ ಅಲೆಕ್ಸಾಂಡ್ರಿಯದ ಯೆಹೂದ್ಯ ದಾರ್ಶನಿಕ ಫಿಲೋ ಕನಸುಗಳ ಕುರಿತ ತನ್ನ ಗ್ರಂಥದಲ್ಲಿ ಇದಕ್ಕೆ ದೀರ್ಘ ವ್ಯಾಖ್ಯಾನ ಬರೆದಿದ್ದಾನೆ. ಲೋಕದ ಮಟ್ಟದಲ್ಲಿ ಏಣಿ ಎಂದರೆ ಭೂಮಿಗೂ ಆಕಾಶಕ್ಕೂ ನಡುವಿನ ವಾಯುಮಂಡಲ. ಮನುಷ್ಯನ ಮಟ್ಟದಲ್ಲಿ ಅದು ಆತ್ಮ: ಬುಡ ಮಣ್ಣಿಗಂಟಿದ ಇಂದ್ರಿಯಜ್ಞಾನ, ತುದಿ ಶುದ್ಧ ಬುದ್ಧಿ. ದೇವರ ವಾಕ್ಕುಗಳು ಅದರ ಉದ್ದಕ್ಕೂ ಸಂಚರಿಸುತ್ತವೆ. ಏರುವಾಗ ಆತ್ಮವನ್ನು ನಶ್ವರದಿಂದ ಬಿಡಿಸಿ ಎಳೆದೊಯ್ಯುತ್ತವೆ. ಇಳಿಯುವಾಗ ಕೆಳಗೆ ಬೀಳಿಸುವುದಕ್ಕಲ್ಲ, ಕರುಣೆಯಿಂದ ಜೊತೆಗಿರಲು ಬರುತ್ತವೆ. ಫಿಲೋನ ಲೆಕ್ಕದಲ್ಲಿ ಅಬ್ರಹಾಮ ಕಲಿತು ಪೂರ್ಣನಾದವನು, ಇಸಾಕ ಹುಟ್ಟಿನಿಂದಲೇ ಪೂರ್ಣನು, ಯಾಕೋಬ ಅಭ್ಯಾಸದಿಂದ ಪೂರ್ಣತೆಗೆ ಹೆಣಗುವವನು. ಅಭ್ಯಾಸಿಯ ಬದುಕು ಸಮನೆಲದ ಮೇಲೆ ಸಾಗುವುದಿಲ್ಲ. ಒಂದು ದಿನ ಏರು, ಒಂದು ದಿನ ಇಳಿವು. ಏಣಿ ಅದರ ಚಿತ್ರವೂ ಹೌದೆನ್ನುತ್ತಾನೆ ಫಿಲೋ. ಸುಮಾರು ಸಾವಿರ ವರ್ಷಗಳ ನಂತರ ಸ್ಪೇನಿನ ಕವಿ-ದಾರ್ಶನಿಕ ಸೊಲೊಮನ್ ಇಬ್ನ್ ಗಬಿರೋಲ್ ಏಣಿಯನ್ನು ಮೇಲಣ ಆತ್ಮವೆಂದೂ ದೂತರನ್ನು ಜ್ಞಾನದ ಯೋಚನೆಗಳೆಂದೂ ಓದಿದ. ಆ ಮತವನ್ನು ದಾಖಲಿಸಿದ ವ್ಯಾಖ್ಯಾನಕಾರ ಇಬ್ನ್ ಎಜ್ರಾ ತಾನು ಮಾತ್ರ ಅತ್ತ ಹೋಗಲಿಲ್ಲ. ಲೋಕದಲ್ಲಿ ನಡೆಯುವ ಯಾವುದೂ ದೇವರಿಗೆ ಮರೆಯಲ್ಲ, ಕೆಳಗಿನದು ಮೇಲಿನದನ್ನು ಅವಲಂಬಿಸಿದೆ ಎಂಬುದಷ್ಟೇ ಅವನು ಕಂಡ ಅರ್ಥ.

ಮೂರನೆಯ ಬಗೆ ಏಣಿಯನ್ನು ಒಬ್ಬ ವ್ಯಕ್ತಿಯಾಗಿ ಕಾಣುತ್ತದೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ನತಾನಯೇಲನನ್ನು ಕಪಟವಿಲ್ಲದ ಇಸ್ರಾಯೇಲನೆಂದು ಹೊಗಳಿ, ದೇವದೂತರು ಮನುಷ್ಯಕುಮಾರನ ಮೇಲೆ ಏರಿ ಇಳಿಯುವುದನ್ನು ಮುಂದೆ ಕಾಣುವೆ ಎಂದು ಹೇಳುತ್ತಾನೆ. ಕಪಟಿಯಾಗಿ ಓಡಿಹೋದ ಮೊದಲ ಇಸ್ರಾಯೇಲನ ನೆನಪಿಲ್ಲದೆ ಈ ಮಾತು ಅರ್ಥವಾಗದು. ಇಲ್ಲಿ ಏಣಿಯ ಜಾಗದಲ್ಲಿ ಕ್ರಿಸ್ತನಿದ್ದಾನೆ. ಪೂರ್ವದ ಕ್ರೈಸ್ತ ಸಭೆಯ ಪ್ರಾಚೀನ ಸ್ತೋತ್ರಗಳು ಇದೇ ಸಂಕೇತವನ್ನು ಯೇಸುವಿನ ತಾಯಿ ಮರಿಯಳಿಗೆ ಕೊಟ್ಟು, ದೇವರು ಇಳಿದು ಬಂದ ಏಣಿಯೆಂದು ಅವಳನ್ನು ಸ್ತುತಿಸುತ್ತವೆ. ಎರಡರಲ್ಲೂ ಒತ್ತು ಬೀಳುವುದು ಇಳಿತದ ಮೇಲೆ. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಆದಿಕಾಂಡದ ಮೇಲಿನ ಉಪನ್ಯಾಸಗಳಲ್ಲಿ ಈ ಎಳೆಯನ್ನೇ ಹಿಡಿದು, ತರ್ಕದ ಮೆಟ್ಟಿಲು ಹಾಕಿಕೊಂಡು ದೇವರ ಮಹಿಮೆಗೆ ಹತ್ತಹೊರಡುವ ದೇವಜ್ಞಾನವನ್ನು ಟೀಕಿಸಿದ.

ಏರುವವರು, ಇಳಿಯುವವರು

ದೂತರ ವಾಸ ಆಕಾಶದಲ್ಲಾದರೆ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಪಾಠ ಹೇಳುವುದು ತಿರುಗುಮುರುಗು: ಮೊದಲು ಹತ್ತುವಿಕೆ, ಆಮೇಲೆ ಇಳಿತ. ವ್ಯಾಖ್ಯಾನಕಾರರ ಹೆಚ್ಚಿನ ಶ್ರಮ ಈ ಒಂದು ಕ್ರಮಕ್ಕೆ ಸಂದಿದೆ.

11ನೇ ಶತಮಾನದ ಫ್ರಾನ್ಸಿನ ಯೆಹೂದ್ಯ ವ್ಯಾಖ್ಯಾನಕಾರ ರಾಶಿ ಮಿದ್ರಾಷ್‌ನ ಉತ್ತರವನ್ನು ಎತ್ತಿಕೊಳ್ಳುತ್ತಾನೆ. ಅದುವರೆಗೆ ಯಾಕೋಬನ ಜೊತೆಗಿದ್ದ ದೂತರು ಆ ನಾಡಿನವರು. ಗಡಿ ದಾಟುವ ಹಾಗಿಲ್ಲದ್ದರಿಂದ ಮೇಲೇರಿದರು. ಪರನಾಡಿನಲ್ಲಿ ಕಾಯಬೇಕಾದ ದೂತರು ಅವರ ಬದಲಿಗೆ ಇಳಿದು ಬಂದರು. ದೇಶಭ್ರಷ್ಟರಾಗಿ ಶತಮಾನಗಳನ್ನು ಕಳೆದ ಜನಕ್ಕೆ ಇದು ನೆಮ್ಮದಿಯ ಓದು. ನಾಡು ಬಿಟ್ಟವನ ಕಾವಲು ಬದಲಾಗುತ್ತದೆ, ತಪ್ಪಿಹೋಗುವುದಿಲ್ಲ.

ಇನ್ನೊಂದು ಮಿದ್ರಾಷ್ ಕಠಿಣವಾದದ್ದು. ಅಲ್ಲಿ ದೂತರೆಂದರೆ ಇಸ್ರಾಯೇಲನ್ನು ಆಳುವ ಸಾಮ್ರಾಜ್ಯಗಳ ಅಧಿದೇವತೆಗಳು. ಬಾಬಿಲೋನಿನವನು 70 ಮೆಟ್ಟಿಲು ಹತ್ತಿ ಇಳಿದ, ಮೇದ್ಯದವನು 52 ಹತ್ತಿ ಇಳಿದ, ಗ್ರೀಸಿನವನೂ ಹತ್ತಿ ಇಳಿದ. ರೋಮಿನವನು ಹತ್ತುತ್ತಲೇ ಹೋದ. ಅವನು ಇಳಿಯುವುದು ಉಂಟೋ ಇಲ್ಲವೋ ಎಂದು ಯಾಕೋಬ ನಡುಗಿದ. ಅವನು ಎಷ್ಟೇ ಮೇಲೇರಿದರೂ ಇಳಿಸುವವನು ತಾನಿದ್ದೇನೆಂದು ದೇವರು ಭರವಸೆ ಕೊಟ್ಟ. ರೋಮಿನ ಆಳ್ವಿಕೆಯಲ್ಲಿ ಬದುಕಿದವರ ಧ್ವನಿ ಇಲ್ಲಿ ಸ್ಪಷ್ಟವಾಗಿದೆ. ಅಧಿಕಾರಕ್ಕೆ ಏರುವುದಷ್ಟೇ ಗೊತ್ತು. ಇಳಿಯುವುದನ್ನು ಅದಕ್ಕೆ ಚರಿತ್ರೆ ಕಲಿಸುತ್ತದೆ. ಇದೇ ಮಿದ್ರಾಷ್‌ನಲ್ಲಿ ದೇವರು ಯಾಕೋಬನನ್ನೂ ಹತ್ತಲು ಕರೆಯುತ್ತಾನೆ. ಹತ್ತಿದರೆ ತಾನೂ ಅವರಂತೆ ಇಳಿಯಬೇಕಾದೀತೆಂದು ಯಾಕೋಬ ಹೆದರಿ ಹತ್ತುವುದಿಲ್ಲ. ಅವನ ಸಂತತಿಯ ದಾಸ್ಯಕ್ಕೆ ಈ ಅಪನಂಬಿಕೆಯೇ ಕಾರಣವೆಂದು ಋಷಿಗಳು ಹೇಳುತ್ತಾರೆ. ಯಾಕೋಬ ಬುಡದಲ್ಲೇ ಉಳಿದದ್ದನ್ನು ಅವರೂ ಗಮನಿಸಿದ್ದರು; ಅದನ್ನು ವಿನಯವೆನ್ನದೆ ಸೋಲು ಎಂದರು.

ಯೆಹೂದ್ಯ ದಾರ್ಶನಿಕ ಮೈಮೊನಿಡೀಸ್ 12ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನಲ್ಲಿ ಬರೆದ ‘ದಿಕ್ಕುಗೆಟ್ಟವರಿಗೆ ಮಾರ್ಗದರ್ಶಿ’ಯ ಪೀಠಿಕೆಯಲ್ಲಿ, ಪ್ರತಿಯೊಂದು ವಿವರಕ್ಕೂ ಅರ್ಥವಿರುವ ದೃಷ್ಟಾಂತಕ್ಕೆ ಉದಾಹರಣೆಯಾಗಿ ಇದೇ ಕನಸನ್ನು ಕೊಡುತ್ತಾನೆ. ಅವನಿಗೆ ದೂತರೆಂದರೆ ಪ್ರವಾದಿಗಳು. ಏಣಿಯ ತುದಿಯಲ್ಲಿ ಅಚಲನಾಗಿ ನಿಂತವನನ್ನು ಅರಿಯಲು ಅವರು ಹತ್ತುತ್ತಾರೆ. ಅರಿತಷ್ಟನ್ನು ಹೊತ್ತುಕೊಂಡು, ಭೂಮಿಯವರನ್ನು ನಡೆಸಲು, ಅವರಿಗೆ ಕಲಿಸಲು ಇಳಿಯುತ್ತಾರೆ. ಹತ್ತುವಿಕೆ ಮೊದಲು ಬಂದದ್ದಕ್ಕೆ ಕಾರಣ ಇದು: ಅರಿಯದವನಿಗೆ ಕಲಿಸಲು ಏನೂ ಇರುವುದಿಲ್ಲ. ಇಳಿತ ಕಡೆಗೆ ಬಂದದ್ದಕ್ಕೂ ಕಾರಣ ಇದೇ: ಅರಿವಿನ ಗುರಿ ಜನ.

ಕುತೂಹಲದ ಸಂಗತಿಯೆಂದರೆ ಲ್ಯಾಟಿನ್ ಕ್ರೈಸ್ತರು ಬೇರೆ ದಾರಿಯಿಂದ ಇದೇ ನೆಲೆಗೆ ಅದಕ್ಕೆ ಮುಂಚೆಯೇ ಬಂದಿದ್ದರು. 5ನೇ ಶತಮಾನದಲ್ಲಿ ಅಗಸ್ಟೀನ್ ದೂತರನ್ನು ಬೋಧಕರೆಂದು ಓದಿದ: ದರ್ಶನಕ್ಕೆ ಹತ್ತಿದ ಅಪೊಸ್ತಲ ಪೌಲನು ಎಳೆಯರಿಗೆ ಹಾಲೂಡಲು ಇಳಿದ. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಸಭಾಪಾಲಕರಿಗಾಗಿ ಬರೆದ ಕೈಪಿಡಿಯಲ್ಲಿ, ಧ್ಯಾನದಲ್ಲಿ ದೇವರತ್ತ ಏರುವವನು ಕರುಣೆಯಲ್ಲಿ ದುರ್ಬಲರತ್ತ ಇಳಿಯಲೇಬೇಕೆಂದು ವಿಧಿಸಿದ. ಅವನ ಮನಸ್ಸಿನಲ್ಲಿದ್ದದ್ದು ಏಕಾಂತದ ಸುಖಕ್ಕೆ ಅಂಟಿ ಜನರ ಕಷ್ಟ ಮರೆಯುವ ಧರ್ಮಾಧಿಕಾರಿ.

ಪೂರ್ವ ಯುರೋಪಿನ ಯೆಹೂದ್ಯ ಭಕ್ತಿಪಂಥದವರಾದ ಹಸೀದೀಯರು ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದರು. ಪಂಥದ ಮೂಲಗುರು ಬಾಲ್ ಶೆಮ್ ಟೋವ್‌ನ ಶಿಷ್ಯ ಪೊಲೊನ್ಯೆಯ ಯಾಕೋಬ್ ಯೋಸೆಫನ ಗ್ರಂಥ 1780ರಲ್ಲಿ ಅಚ್ಚಾಯಿತು. ಹಸೀದೀಯರಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಅವನಿಗೆ ಒಂದು ತಲೆಮಾರಿನ ಜನರೆಲ್ಲ ಸೇರಿ ಒಂದೇ ಏಣಿ. ನೆಲ ಮುಟ್ಟುವ ಬುಡ ಸಾಮಾನ್ಯ ಜನ, ಆಕಾಶ ಮುಟ್ಟುವ ತುದಿ ಜ್ಞಾನಿಗಳು. ಬುಡ ಕುಸಿದರೆ ತುದಿ ನಿಲ್ಲಲಾರದು. ಆದ್ದರಿಂದ ಗುರು ತನ್ನ ಎತ್ತರದಲ್ಲಿ ಒಬ್ಬನೇ ಉಳಿಯುವ ಹಾಗಿಲ್ಲ. ಏರುವುದಕ್ಕಾಗಿಯೇ ಇಳಿಯುವುದು ಎಂಬ ಹಸೀದೀಯರ ಪ್ರಸಿದ್ಧ ತತ್ವವನ್ನೂ ಈ ಓದಿನ ಪಕ್ಕದಲ್ಲಿಟ್ಟು ನೋಡಬೇಕು.

ಹತ್ತುವ ಏಣಿ

ಇವೆಲ್ಲದರ ಜೊತೆಗೆ, ಮನುಷ್ಯನೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ಏಣಿಯ ಕಲ್ಪನೆಯೂ ಬಲವಾಗಿ ಬೆಳೆಯಿತು. 6ನೇ ಶತಮಾನದ ಬೆನೆಡಿಕ್ಟನ ನಿಯಮಾವಳಿಯ 7ನೇ ಅಧ್ಯಾಯದಲ್ಲಿ ಏಣಿಯ ಎರಡು ಗಳುಗಳು ದೇಹ ಮತ್ತು ಆತ್ಮ, ಮೆಟ್ಟಿಲುಗಳು ವಿನಯದ 12 ಹಂತಗಳು. ಅಲ್ಲಿಯ ನಿಯಮ ವಿಚಿತ್ರವಾದದ್ದು: ತನ್ನನ್ನು ಹೆಚ್ಚಿಸಿಕೊಂಡವನು ಇಳಿಯುತ್ತಾನೆ, ತಗ್ಗಿಸಿಕೊಂಡವನು ಏರುತ್ತಾನೆ. ಸೀನಾಯಿಯ ಮಠಾಧಿಪತಿ ಜಾನ್ ಕ್ಲೈಮಾಕಸ್ 7ನೇ ಶತಮಾನದಲ್ಲಿ ಬರೆದ ಗ್ರಂಥಕ್ಕೆ 30 ಮೆಟ್ಟಿಲು. ಮೊದಲನೆಯದು ಲೋಕತ್ಯಾಗ, ಕೊನೆಯದರಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ. ಪೂರ್ವ ಸಭೆಯ ಮಠಗಳಲ್ಲಿ ಇಂದಿಗೂ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅದನ್ನು ಓದುತ್ತಾರೆ. 12ನೇ ಶತಮಾನದ ಕಾರ್ಥೂಸಿಯನ್ ಸಂನ್ಯಾಸಿ ಎರಡನೇ ಗೀಗೊ ನಾಲ್ಕೇ ಮೆಟ್ಟಿಲು ಸಾಕೆಂದ: ಓದು, ಮನನ, ಪ್ರಾರ್ಥನೆ, ದರ್ಶನ. 16ನೇ ಶತಮಾನದ ಸಫೇದಿನ ಯೆಹೂದ್ಯ ಅನುಭಾವಿ ಐಸಾಕ್ ಲೂರಿಯಾನ ಪರಂಪರೆ ಬೆಳಗಿನ ಪ್ರಾರ್ಥನೆಯ ನಾಲ್ಕು ಭಾಗಗಳನ್ನು ಒಂದರ ಮೇಲೊಂದಿರುವ ನಾಲ್ಕು ಲೋಕಗಳಿಗೆ ಹೊಂದಿಸಿತು. ಭಕ್ತ ಒಂದೊಂದಾಗಿ ಏರಿ, ನಿಂತು ಮಾಡುವ ಮೌನಪ್ರಾರ್ಥನೆಯಲ್ಲಿ ತುದಿ ಮುಟ್ಟಿ, ಉಳಿದ ಪ್ರಾರ್ಥನೆಗಳಲ್ಲಿ ಮತ್ತೆ ಇಳಿದು ದಿನದ ಕೆಲಸಕ್ಕೆ ಬರುತ್ತಾನೆ.

ಸೀನಾಯಿ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನಳ ಮಠದಲ್ಲಿ 12ನೇ ಶತಮಾನದ ಒಂದು ಫಲಕಚಿತ್ರವಿದೆ. ಚಿನ್ನದ ಹಿನ್ನೆಲೆಯ ಮೇಲೆ ಕ್ಲೈಮಾಕಸನ 30 ಮೆಟ್ಟಿಲಿನ ಏಣಿ ಎಡಗೆಳಗಿನಿಂದ ಬಲಮೇಲಕ್ಕೆ ಓರೆಯಾಗಿ ಹೋಗಿದೆ. ಸಂನ್ಯಾಸಿಗಳು ಸಾಲಾಗಿ ಹತ್ತುತ್ತಿದ್ದಾರೆ. ಎಲ್ಲರಿಗಿಂತ ಮೇಲೆ ಕ್ಲೈಮಾಕಸನೇ ಇದ್ದಾನೆ. ತುದಿಯಲ್ಲಿ ಕ್ರಿಸ್ತ ಕಾದಿದ್ದಾನೆ. ಕಡುಗಪ್ಪಿನ ಸಣ್ಣ ಪಿಶಾಚಿಗಳು ಬಾಣ ಬಿಡುತ್ತಾ, ಹಗ್ಗ ಹಾಕಿ ಎಳೆಯುತ್ತಾ ಕೆಲವರನ್ನು ಏಣಿಯಿಂದ ಕೆಡವಿವೆ. ದೇವದೂತರು ಏಣಿಯ ಮೇಲಿಲ್ಲ. ಒಂದು ಮೂಲೆಯಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದಾರೆ. ಆದಿಕಾಂಡದ ಕನಸಿಗೂ ಈ ಚಿತ್ರಕ್ಕೂ ನಡುವೆ ಏನೇನು ಬದಲಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದೂತರ ಕೆಲಸ ಮನುಷ್ಯರಿಗೆ ಬಂದಿದೆ. ಇಳಿತಕ್ಕೆ ಉಳಿದಿರುವ ರೂಪ ಒಂದೇ, ಬೀಳುವುದು.

ಈ ಓದನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಆಲಸ್ಯಕ್ಕೆ ಕೃಪೆಯ ಹೆಸರಿಡುವವರನ್ನು ಅದು ಎಬ್ಬಿಸುತ್ತದೆ. ಅಮೆರಿಕದ ಗುಲಾಮ ಆಫ್ರಿಕನ್ನರು ಯಾಕೋಬನ ಏಣಿ ಹತ್ತುವ ಹಾಡು ಕಟ್ಟಿಕೊಂಡಾಗ, ಬಲವಂತವಾಗಿ ಕೆಳಗಿಡಲ್ಪಟ್ಟವರಿಗೆ ಹತ್ತುವುದೆಂದರೆ ಬಿಡುಗಡೆಯಾಗಿತ್ತು. ಅವರಿಗೆ ಇಳಿಯುವ ಉಪದೇಶ ಮಾಡುವುದು ಕ್ರೌರ್ಯವಾಗುತ್ತಿತ್ತು. ಯಾರು ಎಲ್ಲಿ ನಿಂತು ಓದುತ್ತಾರೆ ಎಂಬುದರ ಮೇಲೆ ಸಂಕೇತದ ಒತ್ತು ಬದಲಾಗುತ್ತದೆ.

ಎಚ್ಚರ, ಕಂಬ, ಹರಕೆ

ಕನಸಿನಲ್ಲಿ ದೇವರು ನಿಂತದ್ದೆಲ್ಲಿ ಎಂಬುದು ಹೀಬ್ರೂ ಪಾಠದಲ್ಲಿ ಖಚಿತವಿಲ್ಲ. ಏಣಿಯ ಮೇಲೆ ಎಂದೂ ಓದಬಹುದು, ಯಾಕೋಬನ ಬಳಿಯಲ್ಲಿ ಎಂದೂ ಓದಬಹುದು. ಯಾಕೋಬನ ಉದ್ಗಾರ ಎರಡನೆಯ ಓದಿಗೆ ಹತ್ತಿರವಿದೆ. ಎದ್ದವನು ಆಕಾಶದತ್ತ ಕೈ ತೋರಿಸುವುದಿಲ್ಲ. ದೇವರು ಈ ಜಾಗದಲ್ಲಿದ್ದಾನೆ ಎನ್ನುತ್ತಾನೆ. ಏಣಿಯ ತುದಿ ಮುಟ್ಟುವುದು ಅಗತ್ಯವಾಗಲಿಲ್ಲ. ತುದಿಯಲ್ಲಿದ್ದಾನೆಂದುಕೊಂಡವನು ಬುಡದಲ್ಲೇ ಇದ್ದ. ಅರಿವು ಇರಲಿಲ್ಲ ಅಷ್ಟೆ. ಲೋಕ ದೇವರಲ್ಲಿ ನೆಲೆಗೊಂಡಿದೆಯೇ ಹೊರತು ದೇವರು ಲೋಕದ ಒಂದು ಮೂಲೆಯಲ್ಲಿ ಅಡಗುವವನಲ್ಲ ಎಂಬ ಮಿದ್ರಾಷ್‌ನ ಮಾತು ಇದೇ ಪ್ರಸಂಗದ ವ್ಯಾಖ್ಯಾನದಲ್ಲಿ ಬರುತ್ತದೆ.

ಕಂಬದ ಮೇಲೆ ಎಣ್ಣೆ ಹೊಯ್ಯುವುದು ಕಾನಾನ್ ನಾಡಿನ ಹಳೆಯ ಪದ್ಧತಿಗೆ ಸೇರಿದ್ದು. ಕ್ರೈಸ್ತ ಓದಿನಲ್ಲಿ ಎಣ್ಣೆ ಹೊಯ್ದ ಕಲ್ಲು ಅಭಿಷಿಕ್ತನಾದ ಕ್ರಿಸ್ತನಾಯಿತು. ಯೆಹೂದ್ಯರಿಗೆ ಬೇರೊಂದು ಕಷ್ಟವಿತ್ತು: ಧರ್ಮೋಪದೇಶಕಾಂಡದ 16ನೇ ಅಧ್ಯಾಯ ಇಂಥ ಕಂಬಗಳನ್ನು ನಿಷೇಧಿಸುತ್ತದೆ. ಮೂಲಪುರುಷರ ಕಾಲಕ್ಕೆ ಪ್ರಿಯವಾಗಿದ್ದ ಕಂಬವನ್ನು ಕಾನಾನ್ಯರು ವಿಗ್ರಹಾರಾಧನೆಗೆ ಬಳಸಿದ್ದರಿಂದ ದೇವರು ಮುಂದೆ ದ್ವೇಷಿಸಿದ ಎಂದು ರಾಶಿ ಪರಿಹಾರ ಹೇಳುತ್ತಾನೆ. ಸಂಕೇತ ಎಷ್ಟೇ ಪವಿತ್ರವಾಗಿದ್ದರೂ ಅದೇ ಗುರಿಯಾಗಿಬಿಟ್ಟ ದಿನ ಅದನ್ನು ಬಿಡಬೇಕಾಗುತ್ತದೆ. ಯಾರೊಬ್ಬಾಮನ ಬಸವನ ಕಥೆಯೂ ಇದನ್ನೇ ಹೇಳುತ್ತದೆ.

ಹರಕೆಯಲ್ಲಿ ಷರತ್ತಿದೆ. ದೇವರು ಜೊತೆಗಿದ್ದು, ತಿನ್ನಲು ರೊಟ್ಟಿ, ಉಡಲು ಬಟ್ಟೆ ಕೊಟ್ಟು, ಸುಖವಾಗಿ ತಂದೆಯ ಮನೆಗೆ ಮರಳಿಸಿದರೆ ಯೆಹೋವನೇ ತನ್ನ ದೇವರು, ಸಿಕ್ಕಿದ್ದರಲ್ಲಿ ಹತ್ತರಲ್ಲೊಂದು ಪಾಲು ಅವನಿಗೆ. ವಾಗ್ದಾನ ಕೇಳಿದ ಮರುಬೆಳಗ್ಗೆಯೇ ಈ ಚೌಕಾಸಿ ಏಕೆಂದು ವ್ಯಾಖ್ಯಾನಕಾರರು ಮುಜುಗರಪಟ್ಟಿದ್ದಾರೆ. ಕೇಳಿದ್ದು ಊಟ, ಬಟ್ಟೆ ಮಾತ್ರ, ಸಿರಿಯಲ್ಲ ಎಂಬ ಸಮರ್ಥನೆಯಿದೆ. ಕಥೆಯ ಒಟ್ಟು ಹರಿವಿನಲ್ಲಿ ನೋಡಿದರೆ ದರ್ಶನ ಯಾಕೋಬನನ್ನು ಒಂದೇ ರಾತ್ರಿಯಲ್ಲಿ ಮಾಗಿಸಲಿಲ್ಲ ಎಂಬುದು ಸರಿಯಾದ ಓದು. ಹರಕೆ ತೀರುವುದು 35ನೇ ಅಧ್ಯಾಯದಲ್ಲಿ, ಯಾಕೋಬ ಮನೆಮಂದಿಯಲ್ಲಿದ್ದ ಅನ್ಯದೇವತೆಗಳನ್ನು ಶೆಕೆಮಿನ ಮರದಡಿ ಹೂತು, ಬೇತೇಲಿಗೆ ಮರಳಿ ಯಜ್ಞವೇದಿ ಕಟ್ಟಿದಾಗ. ಅಷ್ಟರಲ್ಲಿ ಅವನು ಅಣ್ಣನ ಮುಂದೆ ಏಳು ಸಲ ನೆಲಕ್ಕೆ ಬಾಗಿ, ಕಸಿದ ಆಶೀರ್ವಾದದ ಬದಲಿಗೆ ತನ್ನ ಕಾಣಿಕೆಯನ್ನು ಒಪ್ಪಿಸಿದ್ದಾನೆ. ಯಾಕೋಬನ ಪಾಲಿನ ಇಳಿತ ಅದು. ಅದರ ನಂತರವೇ ಬೇತೇಲಿಗೆ ಮರಳುವುದು ಸಾಧ್ಯವಾಗುತ್ತದೆ.

ಓದಿನ ಒರೆಗಲ್ಲು

ಆಧುನಿಕ ಪಾಠವಿಮರ್ಶಕರಲ್ಲಿ ಹಲವರು ಈ ಪ್ರಸಂಗದಲ್ಲಿ ಎರಡು ಎಳೆಗಳು ಹೆಣೆದಿವೆ ಎನ್ನುತ್ತಾರೆ: ಏಣಿ, ದೂತರು, ಕಂಬಗಳ ಕಥೆ ಒಂದು, ಯೆಹೋವನ ವಾಗ್ದಾನ ಇನ್ನೊಂದು. ಬೇತೇಲ್ ಗುಡಿಯ ಹುಟ್ಟನ್ನು ವಿವರಿಸುವ ಸ್ಥಳಪುರಾಣವಾಗಿ ಅದು ಮೊದಲು ಬಳಕೆಯಲ್ಲಿದ್ದಿರಬೇಕೆಂಬುದು ಅವರ ಅಭಿಪ್ರಾಯ. ಇದರಿಂದ ಆಧ್ಯಾತ್ಮಿಕ ಓದಿಗೆ ಧಕ್ಕೆಯಿಲ್ಲ. ಎರಡು ಎಳೆಗಳನ್ನು ಕೂಡಿಸಿದವರೇ ಏಣಿಯನ್ನು ವಾಗ್ದಾನದ ಚಿತ್ರವಾಗಿ ಓದಿದ ಮೊದಲಿಗರು.

ಹಾಗಾದರೆ ಯಾವ ಸಂಕೇತಾರ್ಥವನ್ನಾದರೂ ಒಪ್ಪಬಹುದೇ? ಪಾಠವೇ ಮೂರು ಒರೆಗಲ್ಲುಗಳನ್ನು ಕೊಡುತ್ತದೆ. ಏಣಿ ಮನುಷ್ಯನ ನಿರ್ಮಾಣವೆಂದು ಹೇಳುವ ಓದು ಬೇತೇಲನ್ನು ಬಾಬೆಲ್ ಮಾಡುತ್ತದೆ. ದೂತರು ಹತ್ತಿದ್ದನ್ನಷ್ಟೇ ಹೇಳಿ ಇಳಿದದ್ದನ್ನು ಬಿಡುವ ಓದು ವಾಕ್ಯದ ಅರ್ಧವನ್ನು ನುಂಗುತ್ತದೆ. ಬುಡದಲ್ಲಿ ಮಲಗಿದ ವಂಚಕನನ್ನು ಮರೆತು ಶುದ್ಧಾತ್ಮರಿಗೆ ಮಾತ್ರ ಏಣಿಯನ್ನು ಮೀಸಲಿಡುವ ಓದು ಕಥೆಯನ್ನೇ ಬಿಡುತ್ತದೆ. ಮೈಮೊನಿಡೀಸ್, ಗ್ರೆಗೊರಿ, ಹಸೀದೀಯರು ಒಂದೇ ದೇವರ ಬಗ್ಗೆ ಬೇರೆಬೇರೆ ನಂಬಿಕೆಗಳನ್ನಿಟ್ಟುಕೊಂಡೂ ಈ ಮೂರರಲ್ಲಿ ಎರಡನೆಯದನ್ನು ದೃಢವಾಗಿ ಹಿಡಿದರು: ಮೇಲೆ ಕಂಡದ್ದಕ್ಕೆ ಪ್ರಮಾಣ ಕೆಳಗೆ ಬಂದು ಮಾಡುವ ಕೆಲಸ. ಆದಿಕಾಂಡದಲ್ಲಿ ಯಾಕೋಬನ ದರ್ಶನಕ್ಕೆ ಬೇರೆ ಪ್ರಮಾಣವಿಲ್ಲ. ಅವನು ಎದ್ದು ಲಾಬಾನನ ಮಂದೆ ಕಾಯಲು ಹೋಗುತ್ತಾನೆ. ಕನಸಿನ ಅರ್ಥ ಅವನ ಬದುಕಿನಲ್ಲಿ ತೆರೆದುಕೊಳ್ಳಲು ಆ 20 ವರ್ಷಗಳೂ ಅಣ್ಣನೊಂದಿಗಿನ ರಾಜಿಯೂ ಬೇಕಾಗುತ್ತವೆ.